ಖಾಲಿಯಿದ್ದಾಗ ಮಾತ್ರ ತೆರೆದುಕೊಳ್ಳುವ ಮುಚ್ಚಳದವರಿಗೆ

ಮಾನ್ಯ ಮುಚ್ಚಳದವರೇ,

ತಮ್ಮ ನಾಲ್ಕೂ ಕೊಂಡಿಗಳು ಕ್ಷೇಮವಾಗಿವೆಯೆಂದೂ, ಅಂಚಿನ ರಬ್ಬರ್ ಪಟ್ಟಿ ಎಂದಿನ ಬಿಗುಮಾನದಲ್ಲೇ ಇದೆಯೆಂದೂ ನಂಬಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿ ಮಲಗಿ ಒಣಗುತ್ತಿರುವ ತಮ್ಮ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಇದನ್ನು ನಾಲ್ಕು ಜನ ಓದುವಂತೆ ಏಕೆ ಬರೆಯಬೇಕಿತ್ತು, ಖಾಸಗಿಯಾಗಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಖಾಸಗಿಯಾಗಿಯೂ ಹೇಳಿದ್ದೇನೆ. ಪ್ರತಿ ಸಂಜೆ ತಮ್ಮನ್ನು ಉಜ್ಜುತ್ತಾ, ಮಗುವಿನ ಕಿವಿಗೆ ಬೀಳಬಾರದ ಮಾತುಗಳಲ್ಲೂ ಹೇಳಿದ್ದೇನೆ. ತಾವು ಸೋಪಿನ ನೊರೆಯೊಳಗಿಂದ ಹೊಳೆದಿರೇ ಹೊರತು ಉತ್ತರ ಕೊಡಲಿಲ್ಲ.

ನಾನು ಸಾಸಿವೆಯ ಚಿಕ್ಕಮ್ಮ. ಸಾಸಿವೆಯೆಂದರೆ ಈ ವರ್ಷ ಶಾಲೆಗೆ ಸೇರಿದ ನನ್ನ ಅಕ್ಕನ ಮಗಳು. ಗಾತ್ರ ಸಣ್ಣದು, ಸ್ವಲ್ಪ ಬಿಸಿ ತಗುಲಿದರೂ ಸಿಡಿಯುತ್ತಾಳೆ, ಅದಕ್ಕೆ ಮನೆಯಲ್ಲಿ ಆ ಹೆಸರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಮಗಳು ಮಗ್ಗುಲು ಬದಲಿಸುವ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಾಳೆ. ಹೀಗಾಗಿ ಡಬ್ಬಿ ತುಂಬುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಮಗು ಶಾಲೆಯಲ್ಲಿರುವ ಹೊತ್ತು ನಾನು ಒಂದು ಮುದ್ರಣಾಲಯದಲ್ಲಿ ಕರಪತ್ರ ಮಡಚುವವಳು, ಮಡಚಿದ್ದನ್ನೆಲ್ಲ ಓದುವವಳು. ಹಲ್ಲಿನ ಡಾಕ್ಟರರ ಜಾಹೀರಾತಿನಿಂದ ಹಿಡಿದು ದುಡಿಯುವವರ ಹಕ್ಕುಗಳವರೆಗೆ ನನಗೆ ತಿಳಿದಿರುವುದೆಲ್ಲ ಮೂರು ಮಡಿಕೆಯ ಕಾಗದದಿಂದಲೇ ಬಂದದ್ದು, ಮತ್ತು ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಅಮ್ಮ ಮಾತ್ರ "ಇವಳಿಗೆ ಉಪ್ಪು ಕೊಡು ಅಂದ್ರೂ ಒಂದು ಭಾಷಣ ಕೊಡ್ತಾಳೆ" ಎನ್ನುತ್ತಾಳೆ.

ತಮ್ಮನ್ನು ಮೊದಲ ಸಲ ಕಂಡ ಆ ಅಂಗಡಿಯ ನೆನಪು ಇನ್ನೂ ಹಸಿರಾಗಿದೆ. ಮಾರುವವನು ತಮ್ಮನ್ನು ಹೊಗಳಿದ ಪರಿಗೆ ತಾವು ಡಬ್ಬಿಯ ಮುಚ್ಚಳವೋ ಮದುವೆಗೆ ಬಂದ ಹುಡುಗನೋ ಎಂದು ನನಗೆ ಅನುಮಾನವಾಯಿತು. "ತಲೆಕೆಳಗು ಮಾಡಿ ಮೇಡಂ, ಒಂದು ತೊಟ್ಟು ಬಿದ್ರೆ ಕೇಳಿ," ಎಂದ. ಸಾಸಿವೆಯನ್ನೇ ಕರೆದು ತೆಗೆಯಲು ಕೊಟ್ಟ. ಅವಳು ಕೊಂಡಿಗಳನ್ನು ಟಕಟಕನೆ ಎತ್ತಿದಳು, ತಾವು ಬಾಗಿದ ಸೊಂಟದ ಗುಮಾಸ್ತರಂತೆ ವಿನಯದಿಂದ ಎದ್ದು ನಿಂತಿರಿ. ಮಗುವಿನ ಕೈಗೆ ಹೇಳಿ ಮಾಡಿಸಿದ್ದು ಎಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಳಗೆ ಏನೂ ಇಲ್ಲದಾಗ ತಾವು ಎಷ್ಟು ಉದಾರಿಗಳು ಎಂಬುದನ್ನು ಆಗಲೇ ಗಮನಿಸಬೇಕಿತ್ತು. ಮನವಿಯಿಲ್ಲದೆ ಹೋದವರಿಗೆ ಕುರ್ಚಿ ಕೊಟ್ಟು ನೀರು ಕೊಟ್ಟು ಮಾತಾಡಿಸುವ, ಮನವಿ ಹಿಡಿದು ಹೋದ ದಿನ ಸೀಟಿನಲ್ಲೇ ಇರದ ಎಷ್ಟು ಕಚೇರಿಗಳನ್ನು ನಾನು ನೋಡಿಲ್ಲ!

ಆಮೇಲೆ ಶಾಲೆ ಶುರುವಾಯಿತು. ಪ್ರತಿ ಮಗುವಿಗೂ ಬಿಸಿಯಾದ ಊಟದ ಹಕ್ಕಿದೆ ಎಂದು ನಾನು ಮಡಚಿದ ಒಂದು ಹಳದಿ ಕರಪತ್ರ ಹೇಳಿತ್ತು. ಆದ್ದರಿಂದ ಬೆಳಗ್ಗೆ ಒಲೆಯ ಮೇಲಿಂದ ಇಳಿಸಿದ ಅನ್ನವನ್ನೂ ತರಕಾರಿಯನ್ನೂ ಹಬೆಯಾಡುತ್ತಿರುವಾಗಲೇ ತುಂಬಿ, ಮೂಲೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ ಕೂರಿಸಿ, ತಮ್ಮನ್ನು ಒತ್ತಿ ಮುಚ್ಚಿ, ಆ ಹಕ್ಕನ್ನು ಮಗುವಿನ ಬೆನ್ನಿಗೇರಿಸಿ ಕಳಿಸಿದೆ. ಸಂಜೆ ಚೀಲ ಬಿಚ್ಚಿದರೆ ಹಕ್ಕು ಹೋದಂತೆಯೇ ವಾಪಸ್ಸು ಬಂದಿತ್ತು. ಮೊಟ್ಟೆಯ ಹೋಳುಗಳು ಜಾಗ ಸಹ ಬದಲಿಸಿರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ.

"ಯಾಕೆ ತಿನ್ನಲಿಲ್ಲ?" ಎಂದರೆ "ಹಸಿವಿರಲಿಲ್ಲ" ಎನ್ನುತ್ತಿದ್ದಳು. ಹಸಿವಿಲ್ಲದವಳು ಮನೆಗೆ ಬಂದು, ಬೂಟು ಬಿಚ್ಚುವುದಕ್ಕೂ ಮೊದಲು, ನಿಂತಲ್ಲೇ ಬ್ರೆಡ್ಡಿನ ಅರ್ಧ ಪೌಂಡು ಮುಗಿಸುತ್ತಿದ್ದಳು. ಮನೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಅಕ್ಕನಿಗೆ ತಪ್ಪು ತರಕಾರಿಯಲ್ಲಿ ಕಂಡಿತು, ಅಮ್ಮನಿಗೆ ನನ್ನ ಕೈರುಚಿಯಲ್ಲಿ, ನನಗೆ ವ್ಯವಸ್ಥೆಯಲ್ಲಿ. ಕ್ಯಾರೆಟ್ಟನ್ನು ನಕ್ಷತ್ರದಂತೆ ಕತ್ತರಿಸಿದೆ, ಅನ್ನದ ಮೇಲೆ ಬಟಾಣಿಯಲ್ಲಿ ಕಣ್ಣು ಮೂಗು ಇಟ್ಟು ನಗುವ ಮುಖ ಮಾಡಿದೆ. ಆ ಮುಖ ಸಂಜೆ ತಮ್ಮ ಕೆಳಗೆ ಇನ್ನೂ ನಗುತ್ತಲೇ ಇತ್ತು. ಅದನ್ನು ಕಂಡಾಗ ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ನಾನು ತಮ್ಮನ್ನು ತೆಗೆಯುವಾಗ ತಾವು ಪಟ್ಟೆಂದು ಸದ್ದು ಮಾಡಿ ಗಾಳಿ ಎಳೆದುಕೊಳ್ಳುತ್ತಿದ್ದಿರಿ. ಆ ಸದ್ದನ್ನು ನಾನು ಗುಣಮಟ್ಟ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

ಇಷ್ಟರಲ್ಲಿ ತಮ್ಮ ಮೂಲೆಯಲ್ಲಿ ಸಣ್ಣ ಸಣ್ಣ ಕಚ್ಚುಗಳು ಕಾಣಿಸಿಕೊಂಡವು. ಇಲಿ, ಎಂದು ನಾನು ತೀರ್ಪಿತ್ತೆ. ಪಕ್ಕದ ಮನೆಯಿಂದ ಬೋನು ತಂದು, ಬ್ರೆಡ್ಡಿನ ಚೂರು ಸಿಕ್ಕಿಸಿ, ಸಿಂಕಿನ ಕೆಳಗೆ ಇಟ್ಟೆ. ಬೋನು ಖಾಲಿ, ಬ್ರೆಡ್ಡು ಒಣಗಿತು, ಕಚ್ಚುಗಳು ಮಾತ್ರ ಹೆಚ್ಚಿದವು. ಕೊನೆಗೆ ಅಮ್ಮ ತಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದ್ಯಾವ ಇಲಿನೇ, ಮುಂದಿನ ಹಲ್ಲೇ ಇಲ್ಲ ಇದಕ್ಕೆ," ಎಂದಳು. ಕಚ್ಚುಗಳ ಸಾಲಿನಲ್ಲಿ ಸರಿಯಾಗಿ ನಡುವೆ ಒಂದು ತೆರಪಿತ್ತು. ನಾವಿಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು. ಶಾಲೆ ಶುರುವಾಗುವ ಮೊದಲಷ್ಟೇ ಮುಂದಿನ ಹಲ್ಲು ಉದುರಿಸಿಕೊಂಡಿದ್ದ ಸಾಸಿವೆ ನೆಲದ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು.

ಮಾನ್ಯರೇ, ಪದವಿಯಲ್ಲಿರುವವರ ಬಗ್ಗೆ ನಾನು ಬಹಳ ಕೆಟ್ಟದ್ದನ್ನು ಓದಿದ್ದೇನೆ, ಮಡಚಿದ್ದೇನೆ, ಹಂಚಿದ್ದೇನೆ. ಆದರೆ ಅನ್ನ ಒಂದು ಗೇಣು ದೂರದಲ್ಲಿರುವಾಗ, ಅದರ ಬಿಸಿ ಅಂಗೈಗೆ ತಾಗುತ್ತಿರುವಾಗ, ಹಸಿದ ಮಗುವೊಂದು ತನ್ನ ಅಲುಗಾಡುವ ಹಲ್ಲುಗಳಿಂದ ತಮ್ಮನ್ನು ಕಚ್ಚಿ ಎಳೆಯುತ್ತಿದ್ದರೂ ಅಳ್ಳಾಡದೆ ಕರ್ತವ್ಯ ಮಾಡಿದ ಅಧಿಕಾರಿಯನ್ನು ಕಂಡದ್ದು ಇದೇ ಮೊದಲು. ಬಿಸಿ ಅನ್ನ ಆರುವಾಗ ಒಳಗಿನ ಗಾಳಿ ಕುಗ್ಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ ಎಂದು ಅಕ್ಕ ತಮ್ಮ ಪರವಾಗಿ ವಾದಿಸಿದಳು. ಇರಬಹುದು. ಎಲ್ಲ ಕಚೇರಿಯಲ್ಲೂ ಒಂದು ತಾಂತ್ರಿಕ ಕಾರಣ ಇದ್ದೇ ಇರುತ್ತದೆ.

ಇಂತಹ ಪ್ರತಿಭೆ ಒಂದು ಊಟದ ಡಬ್ಬಿಯ ಮೇಲೆ ವ್ಯರ್ಥವಾಗುತ್ತಿರುವುದು ನನಗೆ ನುಂಗಲಾರದ ತುತ್ತು. ತಮ್ಮನ್ನು ಕೂಡಲೇ ನಮ್ಮ ಬೀದಿಯ ಸೋರುವ ನಲ್ಲಿಗೆ ವರ್ಗಾಯಿಸಬೇಕು. ಅಲ್ಲಿಂದ ಬಡ್ತಿ ನೀಡಿ ಸರ್ಕಾರದ ಖಜಾನೆಗೆ ಕಳಿಸಬೇಕು, ತಾವಿದ್ದರೆ ಒಂದು ತೊಟ್ಟು ಅಲ್ಲಿಂದ ಹೊರಗೆ ಬೀಳದು. ಬಿಡುವಿದ್ದಾಗ ಭಾನುವಾರಗಳಲ್ಲಿ ನಮ್ಮ ಮುದ್ರಣಾಲಯದ ಮಾಲೀಕರ ಬಾಯಿಯ ಮೇಲೆ ಒಂದು ಗಂಟೆ ಕೂತುಕೊಂಡರೆ ಕೆಲಸಗಾರರೆಲ್ಲ ತಮ್ಮ ಹೆಸರಿನಲ್ಲಿ ಒಂದು ಕರಪತ್ರವನ್ನೇ ಹೊರಡಿಸುತ್ತೇವೆ. ಮಡಚುವ ಕೆಲಸ ನನ್ನದು.

ಆದರೆ ತಪ್ಪೆಲ್ಲ ತಮ್ಮದೇ ಎಂದರೆ ಅನ್ಯಾಯವಾದೀತು. ತಮಗೆ ಸಹೋದ್ಯೋಗಿಗಳಿದ್ದರು. ತರಗತಿಯ ಗೋಡೆಯ ಮೇಲೆ, ಆನೆಯ ಚಿತ್ರದ ಪಕ್ಕದಲ್ಲಿ, 'ನಮ್ಮ ಕೆಲಸ ನಾವೇ ಮಾಡಿಕೊಳ್ಳೋಣ' ಎಂಬ ಫಲಕವಿದೆ, ಮತ್ತು ಟೀಚರ್ ಆ ಫಲಕದ ಕೆಳಗೇ ಕೂರುತ್ತಾರೆ. ಇನ್ನು "ಯಾರ ಹತ್ರಾನಾದ್ರೂ ಕೇಳಬಾರದಾಗಿತ್ತಾ?" ಎಂದು ನಾನು ಗದರಿದಾಗ ಸಾಸಿವೆ ಸಿಡಿದೇ ಬಿಟ್ಟಳು: "ನೀನೇ ಹೇಳಿದ್ದಲ್ಲಾ ಚಿಕ್ಕಮ್ಮ, ಯಾರ ಮುಂದೇನೂ ಕೈ ಚಾಚಬಾರದು ಅಂತ!" ಹೌದು, ಹೇಳಿದ್ದೆ. ಅದು ಕೆಂಪು ಅಕ್ಷರದ ಕರಪತ್ರದ್ದು, ಕೊನೆಯ ಮಡಿಕೆಯದ್ದು. ಜಡೆ ಹೆಣೆಯುತ್ತಾ ಅವಳಿಗೆ ಬಾಯಿಪಾಠ ಮಾಡಿಸಿದ್ದೆ. ತೆರೆಯದ ಮುಚ್ಚಳ, ತೆರೆದುಕೊಡದ ಟೀಚರ್, ತೆರೆದುಕೊಡಿ ಎಂದು ಕೇಳದ ಮಗು: ಮೂವರು ತತ್ವನಿಷ್ಠರ ನಡುವೆ ಊಟ ತಣ್ಣಗಾಗುತ್ತಿತ್ತು. "ಟೀಚರ್‌ನ ಕೇಳು, ಪರವಾಗಿಲ್ಲ" ಎಂದು ನಾನೇ ಬೇಡಿಕೊಂಡರೂ ಅವಳು ಒಪ್ಪಲಿಲ್ಲ. ಮಗು ನನಗಿಂತ ಚೆನ್ನಾಗಿ ಪಾಠ ಕಲಿತಿತ್ತು.

ಮರುದಿನ ಊಟದ ಹೊತ್ತಿಗೆ ಒಂದು ಕೈಯಲ್ಲಿ ಮನವಿ, ಇನ್ನೊಂದು ಕೈಯಲ್ಲಿ ತಮ್ಮ ಸೊಕ್ಕು ಮುರಿಯಲೆಂದು ಒಂದು ದಪ್ಪ ಚಮಚ ಹಿಡಿದು ಶಾಲೆಗೆ ಹೋದೆ. ಟೀಚರ್ ತರಗತಿಯ ಹೊರಗೆ, ಕಿಟಕಿಯ ಪಕ್ಕದಲ್ಲಿ ಸಿಕ್ಕರು. ಹಸಿದವರ ಹಕ್ಕಿನಿಂದ ಮಾತು ಶುರುಮಾಡಿದೆ. ಅವರು ಚಮಚವನ್ನೇ ನೋಡುತ್ತಾ "ನೋಡಿ, ಒಬ್ಬರಿಗೆ ತೆಗೆದುಕೊಟ್ಟರೆ ಎಲ್ಲರೂ ಸಾಲು ನಿಲ್ತಾರೆ. ಆಮೇಲೆ ನಾನು ಊಟ ಮಾಡೋದು ಯಾವಾಗ?" ಎಂದರು. ಮುಚ್ಚಳಗಳ ವಿರುದ್ಧ ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಭಾಷಣದ ಅತ್ಯುತ್ತಮ ಭಾಗ ಅದೇ ಹೊತ್ತಿಗೆ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಕಿಟಕಿಯೊಳಗೆ ಕಣ್ಣು ಬಿತ್ತು.

ಸಾಸಿವೆ ನೆಲದ ಮೇಲೆ ಕೂತು, ನಮ್ಮದಲ್ಲದ ಒಂದು ನೀಲಿ ಡಬ್ಬಿಯನ್ನು ಎರಡೂ ಮೊಣಕಾಲುಗಳ ನಡುವೆ ಸಿಕ್ಕಿಸಿ, ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಎದುರಿಗೆ ನೆತ್ತಿಯ ಕೂದಲು ಎದ್ದು ನಿಂತ ಒಂದು ಹುಡುಗಿ, ಇಡೀ ತರಗತಿಗೇ ಜುಟ್ಟು ಎಂದು ಹೆಸರಾದವಳು, ಆ ಡಬ್ಬಿಯ ಮುಚ್ಚಳದ ಮೂಲೆ ಹಿಡಿದು ಹಿಂದಕ್ಕೆ ವಾಲುತ್ತಿದ್ದಳು. ಪಟ್ಟೆಂದು ಸದ್ದಾಯಿತು, ಜುಟ್ಟು ಅಂಗಾತ ಬಿದ್ದಳು, ಇಬ್ಬರೂ ನಕ್ಕರು. ಆಮೇಲೆ ಜುಟ್ಟು ಎದ್ದು ಕೂತು ನಮ್ಮ ಡಬ್ಬಿಯನ್ನು ತನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡಳು. ತಾವಲ್ಲಿದ್ದಿರಿ, ತಮಗೆ ನೆನಪಿರಬೇಕು. ತಮ್ಮ ಇಡೀ ಸೇವಾವಧಿಯಲ್ಲಿ ಮೊದಲ ಬಾರಿಗೆ, ಒಳಗೆ ಅನ್ನವಿದ್ದಾಗಲೂ ತಾವು ಮಗುವಿನ ಕೈಗೆ ತೆರೆದುಕೊಂಡಿರಿ. ಸಾಸಿವೆ ಮೊದಲು ಮೊಟ್ಟೆ ತಿಂದಳು.

ಸಂಜೆ ದಾರಿಯಲ್ಲಿ ನಾನು ಮೆಲ್ಲಗೆ ಕೇಳಿದೆ, ಕೊನೆಗೂ ಕೇಳಿದೆಯಾ ಎಂದು. ಅವಳಿಗೆ ಅವಮಾನವಾಯಿತು. "ನಾನೇನೂ ಕೇಳಲಿಲ್ಲಪ್ಪ. ಅವಳೂ ಹಲ್ಲಲ್ಲಿ ಕಚ್ತಾ ಇದ್ಲು. ನಾನು ಅವಳ್ದು ಹಿಡ್ಕೊಂಡೆ. ಆಮೇಲೆ ಅವಳು ನಂದು ಹಿಡ್ಕೊಂಡ್ಲು. ಅಷ್ಟೇ." ಅಷ್ಟೇ! ಎಷ್ಟು ರೀಮು ಕಾಗದ ಮಡಚಿದ್ದೇನೆ, ಯಾವ ಮಡಿಕೆಯಲ್ಲೂ ಈ ಅಷ್ಟೇ ಎಂಬುದು ನನಗೆ ಸಿಕ್ಕಿರಲಿಲ್ಲ.

ಈಗ ಆ ತರಗತಿಯಲ್ಲಿ ಮಕ್ಕಳು ಜೋಡಿ ಜೋಡಿಯಾಗಿ, ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಊಟಕ್ಕೆ ಕೂರುತ್ತಾರೆ. ಒಂದರ ನಂತರ ಒಂದು ಪಟ್ ಪಟ್ ಎನ್ನುವ ಸದ್ದು ಗೇಟಿನವರೆಗೂ ಕೇಳುತ್ತದೆ. ಗಟ್ಟಿಯಾದ ಮುಚ್ಚಳ ಇಲ್ಲದವರಿಗೆ ಜೋಡಿ ಸಿಗುವುದು ಕಷ್ಟವಂತೆ. ಹಸಿದವರನ್ನು ಒಟ್ಟುಗೂಡಿಸಲು ನಾನು ವರ್ಷಗಟ್ಟಲೆ ಬೀದಿಬೀದಿ ಅಲೆದು ಕಾಗದ ಹಂಚಿದ್ದೇನೆ, ಅವು ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ನನ್ನ ಕೈಗೇ ವಾಪಸ್ಸು ಬಂದಿವೆ. ತಾವು ಒಂದು ಮಾತೂ ಆಡದೆ, ಬರೀ ಮೊಂಡಾಟದಿಂದ, ಆ ಕೆಲಸ ಮಾಡಿ ತೋರಿಸಿದಿರಿ. ಅಭಿನಂದಿಸಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಅಭಿನಂದಿಸುತ್ತೇನೆ.

ಈ ಪತ್ರವನ್ನು ತಮ್ಮ ವಜಾಕ್ಕಾಗಿ ಬರೆಯಲು ಕೂತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡುವುದು ತಮ್ಮ ಇಲಾಖೆ. ಅಕ್ಕ ಬೆರಳು ತಾಗಿದರೆ ತೆರೆದುಕೊಳ್ಳುವ ಹೊಸ ಡಬ್ಬಿಯನ್ನೂ ತಂದಿದ್ದಳು. ಸಾಸಿವೆ ಅದನ್ನು ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು, ಅಜ್ಜಿಗೆ ಮಾತ್ರೆ ಇಟ್ಟುಕೊಳ್ಳಲು ಕೊಟ್ಟುಬಿಟ್ಟಳು. ಸರಿ, ಇದೇ ಡಬ್ಬಿ ಇರಲಿ, ಅನ್ನವನ್ನಾದರೂ ಆರಿಸಿ ತುಂಬೋಣ ಎಂದು ನಾನು ಇವತ್ತು ಬೆಳಗ್ಗೆ ತಟ್ಟೆಗೆ ಹರಡಿ ಬೀಸಣಿಗೆ ಎತ್ತಿಕೊಂಡೆ. ಅವಳು ಓಡಿಬಂದು ನನ್ನ ಕೈ ಹಿಡಿದಳು. "ಬಿಸಿಯಾಗೇ ಹಾಕು ಚಿಕ್ಕಮ್ಮ. ಇಲ್ಲಾಂದ್ರೆ ಗಟ್ಟಿ ಆಗಲ್ಲ. ಆಮೇಲೆ ಜುಟ್ಟು ಯಾಕೆ ನನ್ನ ಜೊತೆ ಕೂರ್ತಾಳೆ?"

ಆದ್ದರಿಂದ ಮಾನ್ಯರೇ, ನನ್ನ ದೂರನ್ನು ಪೂರ್ತಿಯಾಗಿ ಉಳಿಸಿಕೊಂಡು, ತಮ್ಮ ಸೇವೆಯನ್ನು ಮುಂದುವರಿಸಬೇಕಾಗಿ ಕೋರುತ್ತೇನೆ. ದಯವಿಟ್ಟು ಸುಧಾರಿಸಬೇಡಿ. ಒಂದು ಕೈಗೆ ಎಂದೂ ಜಗ್ಗಬೇಡಿ.

ತಮ್ಮ ವಿಶ್ವಾಸಿ,
ತಮ್ಮನ್ನು ದಿನವೂ ಉಜ್ಜುವ,
ಸಾಸಿವೆಯ ಚಿಕ್ಕಮ್ಮ

ವಿ.ಸೂ.: ಟೀಚರ್ ಕೂಡ ತಮ್ಮದೇ ಕುಲದ ಡಬ್ಬಿ ತರುತ್ತಾರೆಂದು ತಿಳಿದುಬಂದಿದೆ. ನಿನ್ನೆ ಫಲಕದ ಕೆಳಗೆ ಕೂತು ಅದರ ಜೊತೆ ಬಹಳ ಹೊತ್ತು ಗುದ್ದಾಡಿ, ಅಳತೆಪಟ್ಟಿ ತೂರಿಸಿ, ಕೊನೆಗೆ ಆಚೀಚೆ ನೋಡಿ ಬಾಯಿ ಹತ್ತಿರಕ್ಕೆ ಒಯ್ದರಂತೆ. ಸಾಸಿವೆಯೂ ಜುಟ್ಟೂ ನೋಡುತ್ತಲೇ ಇದ್ದರಂತೆ. ಸಹಾಯ ಮಾಡಲು ಅವರು ಸಿದ್ಧರಿದ್ದಾರೆ, ಆದರೆ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು ಎಂದು ಗೋಡೆಯ ಮೇಲಿದೆಯಲ್ಲ, ಬರೀ ಕೇಳಿದರೆ ಆಗುವುದಿಲ್ಲ. ಟೀಚರ್ ಮೊದಲು ನೆಲದ ಮೇಲೆ ಕೂತು, ಯಾರದಾದರೂ ಒಂದು ಡಬ್ಬಿ ಹಿಡಿದುಕೊಳ್ಳಬೇಕು. ಅಷ್ಟೇ.