ಕೊಯ್ಯಪ್ಪ, ಹೆದರಬ್ಯಾಡ

ಎಲ್ಲದಕ್ಕೂ ಮೂಲ ಡಾಕ್ಟರ್ ತಿಮ್ಮೇಶನ ಒಂದು ಚಾಳಿ. ಸರ್ಜನ್ ತರಬೇತಿಗೆ ಸೇರಿದಾಗಿನಿಂದ ಹೊಲಿಗೆಯ ಗಂಟು ಹಾಕುವುದಕ್ಕೂ "ಹಾಕ್ಲಾ ಸರ್?" ಎಂದು ದೊಡ್ಡ ಡಾಕ್ಟರ ಮುಖ ನೋಡುತ್ತಿದ್ದ. ಕೈ ಚುರುಕು, ಧೈರ್ಯ ಸೊನ್ನೆ.

ಅವತ್ತು ಅವನ ಪರೀಕ್ಷೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವನು ಮಾಡುವ ಆಪರೇಷನ್ನನ್ನು ಪರೀಕ್ಷಕಿ ಡಾಕ್ಟರ್ ಜಯಶೀಲಾ ದೂರದ ಊರಿನಲ್ಲಿ ಕೂತು ಕ್ಯಾಮೆರಾದಲ್ಲಿ ನೋಡುವವರು. ಅವರಿಗೆ ಕಾಣುವುದು ಗಾಯ ಮತ್ತು ಕೈ ಅಷ್ಟೇ. ಆದ್ದರಿಂದ ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಕೊಯ್ಯಬೇಕು, ಯಾರನ್ನೂ ಕೇಳದೆ ನಿರ್ಧರಿಸಬೇಕು. ತಪ್ಪಿದರೆ ಇನ್ನೂ ಆರು ತಿಂಗಳು ತರಬೇತಿ. ದೊಡ್ಡ ಡಾಕ್ಟರು ಬಾಗಿಲಾಚೆ ಕುರ್ಚಿ ಹಾಕಿಕೊಂಡರು. "ಇವತ್ತು ದೇವ್ರೇ ಬಂದು ನಿಂತ್ರೂ ಕೇಳಲ್ಲ" ಎಂದು ತಿಮ್ಮೇಶ ಹಲ್ಲು ಕಚ್ಚಿಕೊಂಡು ಒಳಗೆ ಹೋದ.

ಮೇಜಿನ ಮೇಲೆ ಮಲಗಿದ್ದವರು ತುರುವನೂರಿನ ಪಾಲಯ್ಯ. ದೊಡ್ಡ ಕುರಿಮಂದೆಯ ಯಜಮಾನರು, ಊರಿನ ಜಗಳವೆಲ್ಲ ಬಗೆಹರಿಯುವುದು ಅವರ ಜಗಲಿಯ ಮೇಲೆ. ಬಲಗಡೆ ಹರ್ನಿಯಾ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಬಾಯಿಗೆ ಏನೂ ಆಗಿರಲಿಲ್ಲ.

"ಇಲ್ಲಿ ಓರೆಯಾಗಿ ಕೊಯ್ತೀನಿ" ಎಂದ ತಿಮ್ಮೇಶ, ಕ್ಯಾಮೆರಾಗೆ ಕೇಳಿಸುವಂತೆ.

ಅಡ್ಡ ಕಟ್ಟಿದ್ದ ಹಸಿರು ಬಟ್ಟೆಯ ಹಿಂದಿನಿಂದ ಗಡಸು ದನಿ ಬಂತು: "ಕೊಯ್ಯಪ್ಪ, ಹೆದರಬ್ಯಾಡ."

ಅಯ್ಯೋ ಶಿವನೇ! ತಿಮ್ಮೇಶನ ಕೈ ಒಂದು ಗಳಿಗೆ ನಿಂತು, ಆಮೇಲೆ ಕೊಯ್ದಿತು.

"ಸಣ್ಣ ರಕ್ತನಾಳ. ಸುಟ್ಟು ನಿಲ್ಲಿಸ್ತೀನಿ."

"ಅಷ್ಟು ಮಾಡು ಮೊದ್ಲು!"

ತಿಮ್ಮೇಶ ಅರಿವಳಿಕೆಯ ಡಾಕ್ಟರ್ ಕನಕರಾಜರತ್ತ ಕಣ್ಣಲ್ಲೇ ಗೋಗರೆದ. ಅವರು ಅವನ ಕಿವಿಗೆ ಬಗ್ಗಿ ಪಿಸುಗುಟ್ಟಿದರು: "ಬೀಡಿ ಸೇದಿ ಕೆಟ್ಟ ಎದೆ ಕಣಯ್ಯ. ನಿದ್ದೆ ಔಷಧಿ ಕೊಡಲ್ಲ. ನೀನೇ ಸಂಭಾಳಿಸು."

"ದಯವಿಟ್ಟು ನೀವು ಬಾಯಿ ಮುಚ್ಕಂಡಿರ್ರಿ!" ಎಂದ ತಿಮ್ಮೇಶ ತಡೆಯಲಾರದೆ, ಹಸಿರು ಬಟ್ಟೆಯತ್ತ ತಿರುಗಿ.

"ನಾನೇನು ಬ್ಯಾಡ ಅಂದ್ನಾ? ನೀನ್ ಮಾಡಾದೆಲ್ಲ ಸರಿ ಐತೆ. ಮುಂದಕ್ಕೆ ನಡಿ."

ಮುಂದೆಯೇ ಇದ್ದದ್ದು ಫಜೀತಿ. ಹರ್ನಿಯಾದ ಚೀಲ ಬಿಚ್ಚಿದರೆ ಕರುಳು ಅದರ ಗೋಡೆಗೇ ಬೆಸೆದುಕೊಂಡಿದೆ. ತಿಮ್ಮೇಶ ಬಾಗಿಲತ್ತ ತಿರುಗಿದ. ತುಟಿಯವರೆಗೆ ಬಂದ "ಸರ್" ಎಂಬ ಮಾತನ್ನು ನುಂಗಿಕೊಂಡ.

"ಬಿಡಿಸಕ್ಕೆ ಹೋದ್ರೆ ಕರುಳು ತೂತಾಗುತ್ತೆ. ಬಿಡಿಸಲ್ಲ. ಚೀಲದ ಸಮೇತ ಒಳಗೆ ಹಾಕ್ತೀನಿ."

"ಹೂಂ, ಹಂಗೇ ಹಾಕು! ಕಿತ್ತಾಡಬ್ಯಾಡ."

ಹಾಕಿದ. ಮತ್ತೆ ಹೊರಗೆ ಜಾರದಂತೆ ಜಾಲರಿ ಕೂರಿಸಿ ಹೊಲಿದ. ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಹೊರಗೆ ಬಂದವನಿಗೆ ಕುಣಿಯುವಷ್ಟು ಖುಷಿ.

ಜಯಶೀಲಾ ಅವರ ಫೋನು ಬಂತು. "ನಿರ್ಧಾರ ಎಲ್ಲಾ ಸರಿಯಾಗಿದ್ವು. ಆದ್ರೆ ನಿಮ್ಮದು ಅಂತ ಒಂದೂ ಇಲ್ಲ. ಹೆಜ್ಜೆಹೆಜ್ಜೆಗೂ ನಿಮ್ಮ ದೊಡ್ಡ ಡಾಕ್ಟರು ಹೂಂ ಅಂದಮೇಲೇ ಕೈ ಆಡಿಸಿದ್ರಿ. ಸಾಲದು ಅಂತ ಅಂಥ ಹಿರಿಯರಿಗೆ ಬಾಯಿ ಮುಚ್ಚಿ ಅಂತೀರಾ? ಇರ್ಲಿ, ಕೆಲಸ ಸರಿಯಿತ್ತು ಅಂತ ಆರು ತಿಂಗಳ ತರಬೇತಿನ ಮೂರಕ್ಕೆ ಇಳಿಸ್ತೀನಿ."

"ಮೇಡಂ, ಅದು ಡಾಕ್ಟರಲ್ಲ! ಪೇಷೆಂಟು!"



"ಪೇಷೆಂಟಿನ ಅಪ್ಪಣೆ ತಗೊಂಡು ತಗೊಂಡು ಪೇಷೆಂಟನ್ನೇ ಕೊಯ್ದ್ರಾ? ಹಾಗಾದ್ರೆ ಆರು ತಿಂಗಳೇ ಸರಿ." ಫೋನು ಕಟ್ಟಾಯಿತು.

ಸಂಜೆ ವಾರ್ಡಿಗೆ ಹೋದಾಗ ಪಾಲಯ್ಯ ದಿಂಬಿಗೆ ಒರಗಿದ್ದರು. "ಯಾಕಪ್ಪ, ಮಖ ಸಪ್ಪಗೈತೆ?"

"ಫೇಲಾದೆ ಯಜಮಾನ್ರೆ. ಆರು ತಿಂಗಳಾದ ಮ್ಯಾಲೆ ಮತ್ತೆ ಪರೀಕ್ಷೆ."

ಪಾಲಯ್ಯ ಅವನ ಕೈ ಹಿಡಿದುಕೊಂಡರು. "ಅದಕ್ಯಾಕ್ ಕೊರಗ್ತೀಯ? ನಂಗೆ ಎಡಗಡೀಕೂ ಒಂದು ಹರ್ನಿಯಾ ಐತಂತೆ, ಅವಸರ ಏನಿಲ್ಲ ಅಂದವ್ರೆ. ಬ್ಯಾರೆ ಯಾರ್ ಕೈಗೂ ಕೊಡಲ್ಲ. ನಿನ್ ಪರೀಕ್ಷೆಗೇ ಅಂತ ಇಟ್ಕಂಡಿರ್ತೀನಿ."