ನಾನು ಸೂರ್ಯನನ್ನು ಮುಳುಗಿಸಿದ್ದು

ವಸ್ತು ಇರುವುದರಿಂದ ನಾವು ಅದನ್ನು ತಿಳಿಯುತ್ತೇವೆಯೋ, ನಾವು ತಿಳಿಯುವುದರಿಂದ ಅದು ಇರುತ್ತದೆಯೋ? ಈ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ಹೊರಗೆ ಹಾಕುವುದು ಕಷ್ಟ. ನನ್ನ ತಲೆಗೆ ಅದು ಇಪ್ಪತ್ತನೆಯ ವಯಸ್ಸಿನಲ್ಲೇ ಹೊಕ್ಕಿತು. ಬೆಳಗಾವಿಯ ಸಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತ, ತಿಂಗಳಿಗೊಮ್ಮೆ ವಾಚನಾಲಯದಲ್ಲಿ ಇದರ ಮೇಲೆ ಭಾಷಣವನ್ನೂ ಮಾಡುತ್ತಿದ್ದೆ. ಕೇಳಲು ನಾಲ್ವರು ಬರುತ್ತಿದ್ದರು. ಮಳೆ ಇದ್ದರೆ ಆರು ಜನ. ಮನೆಯಲ್ಲಿ ಮಾತ್ರ ನನ್ನ ತತ್ತ್ವಕ್ಕೆ ಬೆಲೆ ಇರಲಿಲ್ಲ. ಒಮ್ಮೆ ನನ್ನ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, ನೋಡುತ್ತಿರಲು ಹೇಳಿ ಬಾವಿಗೆ ಹೋದಳು. ನಾನು ರೆಪ್ಪೆ ಬಡಿಯದೆ ನೋಡಿದೆ. ಹಾಲು ಉಕ್ಕಿ ಒಲೆ ಆರಿತು. ನಾನು ನೋಡುತ್ತಲೇ ಇದ್ದೆನಲ್ಲ ಎಂದರೆ, "ನೋಡಿದ್ರ ಆತೇನ್ರಿ? ಇಳಸಬೇಕಿಲ್ಲೋ?" ಎಂದಳು. ಅರಿವಿಗೂ ಇರವಿಗೂ ನಡುವೆ ಒಲೆ ಇರುತ್ತದೆಂದು ಯಾವ ಶಾಸ್ತ್ರದಲ್ಲೂ ನಾನು ಓದಿರಲಿಲ್ಲ.

ನಾವು ಜೈನರು. ಒಂದು ವಸ್ತುವನ್ನು ಏಳು ಬಗೆಯಲ್ಲಿ 'ಇದ್ದೀತು, ಇಲ್ಲದೆಯೂ ಇದ್ದೀತು' ಎಂದು ನೋಡುವ ವಿದ್ಯೆ ನಮ್ಮ ಹಿರಿಯರದು. ಆದರೆ ಅದೇ ಹಿರಿಯರು ಹೊತ್ತು ಮುಳುಗಿದ ಮೇಲೆ ಊಟವಿಲ್ಲವೆಂದೂ ಕಟ್ಟು ಮಾಡಿದ್ದಾರೆ. ಈ ಎರಡನ್ನೂ ಒಂದೇ ಸಂಜೆ ಒಂದೇ ಪಡಸಾಲೆಯಲ್ಲಿ ಕೂಡಿಸಬಾರದು. ನಾನು ಕೂಡಿಸಿದೆ.

ನನ್ನ ತಂಗಿ ಪದ್ದಿಗೆ ಖಾನಾಪುರದ ಒಂದು ಮನೆತನದಿಂದ ಸಂಬಂಧ ಬಂದಿತ್ತು. ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ದಳು. ಹುಡುಗ ಪದ್ದಿಗೆ ಅದಕ್ಕಿಂತ ಹೆಚ್ಚು ಒಪ್ಪಿಗೆಯಾಗಿದ್ದ. ಹುಡುಗನ ಅಜ್ಜನೊಬ್ಬರು ಮಾತ್ರ, "ಹುಡುಗೀ ಅಣ್ಣನ್ನೂ ಒಮ್ಮೆ ನೋಡೂಣು" ಎಂದಿದ್ದರು. ಹೊರಡುವ ದಿನ ಪದ್ದಿ ನನ್ನ ಕೋಟಿನ ಗುಂಡಿ ಹಾಕುತ್ತ, "ಅಣ್ಣಾ, ಅವರು ಏನಂದ್ರೂ ಹೂಂ ಅನ್ನು. ಇಷ್ಟು ಮಾಡು ಸಾಕು" ಎಂದಳು. ಅವಳ ಕಣ್ಣುಗಳು ತುಂಬಿದ್ದವು. ನಾನು ಹೂಂ ಎಂದೆ.

ಅವ್ವನೂ ನಾನೂ ಹೋದ ರೈಲು ಮಧ್ಯಾಹ್ನ ಮುಟ್ಟಬೇಕಾದದ್ದು, ಹಳಿಯ ಮೇಲೆ ಮರ ಬಿದ್ದು ಸಂಜೆ ಮುಟ್ಟಿತು. ಮುಂಗಾರು ಹಿಡಿದು ಮೂರು ದಿನವಾಗಿತ್ತು. ಖಾನಾಪುರದಲ್ಲಿ ಯಾರೂ ಸೂರ್ಯನನ್ನು ಕಂಡಿರಲಿಲ್ಲ. ಮನೆ ಹೊಕ್ಕಾಗ ಎಲೆ ಹಾಕಿ ಸಿದ್ಧವಾಗಿತ್ತು. ಅಜ್ಜ ದಿನಕ್ಕೊಂದೇ ಹೊತ್ತು ಉಣ್ಣುವವರು. ಬೀಗರೊಡನೆ ಉಣ್ಣಬೇಕೆಂದು ಬೆಳಗಿನಿಂದ ಬಾಯಿಗೆ ನೀರೂ ಹಾಕದೆ ಕಾದಿದ್ದರಂತೆ. ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು. ಅಜ್ಜ ಕೈ ತೊಳೆದು ಕೂತು, "ಹೊತ್ತು ಇನ್ನೂ ಐತಲ್ಲ?" ಎಂದು ವಾಡಿಕೆಯಂತೆ ಕೇಳಿದರು.

ಹೂಂ ಎನ್ನಬೇಕಾಗಿತ್ತು. ನಾನು ಕಿಸೆಯಿಂದ ಗಡಿಯಾರ ತೆಗೆದೆ. ಅದರಲ್ಲಿ ಆರೂವರೆ. ಗೋಡೆಯ ಗಡಿಯಾರದಲ್ಲಿ ಆರಕ್ಕೂ ಹತ್ತು ನಿಮಿಷ ಕಡಿಮೆ. ಅದು ಮುಂಬೈಯಿಂದ ತಂದದ್ದು. ಖಾನಾಪುರಕ್ಕೆ ಬಂದರೂ ಮುಂಬೈಯ ವೇಳೆಯನ್ನೇ ಹೇಳುತ್ತಿತ್ತು. ನನ್ನದು ರೈಲಿನ ವೇಳೆ; ಆಗ ಮುಂಬೈ ಅದಕ್ಕಿಂತ ನಲವತ್ತು ನಿಮಿಷ ಹಿಂದೆ ನಡೆಯುತ್ತಿತ್ತು. ಎರಡು ಗಡಿಯಾರ, ಒಬ್ಬ ಸೂರ್ಯ, ಅವನೂ ಕಾಣಿಸುವುದಿಲ್ಲ. ಇಂಥ ಯೋಗ ಭಾಷಣಕಾರನಿಗೆ ಜನ್ಮದಲ್ಲಿ ಒಮ್ಮೆ ಬರುತ್ತದೆ.

"ಐತಿ ಅಂತ ಹ್ಯಾಂಗ ಹೇಳೋದು?" ಎಂದೆ.

ಅಜ್ಜನ ಕೈ ಎಲೆಯ ಮೇಲೆಯೇ ನಿಂತಿತು. ಸಂಶಯ ಬಂದ ಮೇಲೆ ಆ ಮನೆಯಲ್ಲಿ ತುತ್ತು ಎತ್ತುವ ಪದ್ಧತಿ ಇರಲಿಲ್ಲ. ಅವ್ವ ನನ್ನ ಮೊಣಕೈ ಚಿವುಟಿದಳು. ಒಳಗಿನಿಂದ ಅಜ್ಜಿ, "ಹಿತ್ತಲದಾಗ ಹೀರೀ ಹೂ ಈಗಷ್ಟ ಅರಳಾಕ ಹತ್ಯಾವು. ಅವು ಪೂರಾ ಅರಳಿದ ಮ್ಯಾಲನ ಹೊತ್ತು ಮುಳಗೋದು. ಬೇಕಾದಷ್ಟ ಹೊತ್ತು ಐತಿ, ಉಣ್ರಿ" ಎಂದರು.

ಅಲ್ಲಿಗೆ ಮುಗಿಯಬೇಕಾದ ಮಾತು. ಆದರೆ ಹೂವಿನಿಂದ ಸೂರ್ಯನನ್ನು ತಿಳಿಯುವುದು ಪ್ರತ್ಯಕ್ಷವಲ್ಲ, ಶಾಸ್ತ್ರದ ಮಾತಿನಲ್ಲಿ ಅನುಮಾನ, ಎಂದರೆ ಗುರುತಿನಿಂದ ಊಹಿಸಿದ್ದು ಎಂದು ನಾನು ತಿದ್ದಿದೆ. ಹೂವು ತಪ್ಪಿದರೆ? ಸೂರ್ಯ ನಮ್ಮ ಅರಿವಿಗೆ ಕಾಯುತ್ತಾನೆಯೇ? ನಮಗೆ ತಿಳಿಯದಿದ್ದರೂ ಮುಳುಗಿದ್ದು ಮುಳುಗಿದ್ದೇ ಎಂಬುದು ಒಂದು ಪಕ್ಷ. ತಿಳಿಯುವವರೆಗೆ ಮುಳುಗಿಲ್ಲ ಎಂಬುದು ಇನ್ನೊಂದು. ಎರಡನ್ನೂ ಖಂಡಿಸಿ ಮೂರನೆಯದನ್ನು ಹಿಡಿದೆ. ವಾಚನಾಲಯದಲ್ಲಿ ನಾನು ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಅಜ್ಜ ಕಣ್ಣು ಅರಳಿಸಿ ಕೇಳುತ್ತಿದ್ದರು. ಅದು ಆಸಕ್ತಿ ಎಂದು ನಾನು ತಿಳಿದೆ, ಹಸಿವೂ ಇದ್ದೀತು. ಐದನೆಯ ಬಗೆಗೆ ಬರುವ ಹೊತ್ತಿಗೆ ಎದುರಿನವರ ಮುಖ ಕಾಣದಾಯಿತು. ಯಾರೋ ಕಂದೀಲು ತಂದಿಟ್ಟರು.

ಅಜ್ಜ ಮೆಲ್ಲಗೆ ಎದ್ದು ನಿಂತರು. "ಮಾಸ್ತರ, ಈಗ ಮುಳಗೈತಿ. ಇದರಾಗ ಸಂಶಯ ಇಲ್ಲ" ಎಂದರು.

ಎಲೆಗಳು ಒಳಗೆ ಹೋದವು. ಎಂಬತ್ತರ ಮುದುಕ ನನ್ನಿಂದಾಗಿ ಒಂದು ದಿನ ಪೂರ್ತಿ ಉಪವಾಸ ಬಿದ್ದಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪದ್ದಿಯ ಮುಖವೇ ಕಣ್ಣ ಮುಂದೆ. ಅವ್ವ ನನ್ನೊಡನೆ ಮಾತು ಬಿಟ್ಟಳು. ಮಾತು ಕೇಳಿ ಕೇಳಿ ಸಾಕಾದವಳು, ಬಿಟ್ಟದ್ದು ಶಿಕ್ಷೆಯೋ ವಿಶ್ರಾಂತಿಯೋ ಹೇಳಲಾರೆ.

ಮರುದಿನ ಸೂರ್ಯ ಎಲ್ಲರಿಗೂ ಕಾಣುವಂತೆ ಹುಟ್ಟಿದ. ಅಜ್ಜ ಊಟ ಮುಗಿಸುವವರೆಗೆ ನಾನು ತಲೆ ಎತ್ತಲಿಲ್ಲ. ಅವರು ಅವ್ವನ ಕಡೆ ತಿರುಗಿ, "ತಂಗೀನೂ ಹಿಂಗ ಅದಾಳೇನು?" ಎಂದು ಕೇಳಿದರು.

"ಇಲ್ರೀ. ಅಕಿ ಮೊದಲ ಬಡಸ್ತಾಳ. ಮಾತು ಆಮ್ಯಾಲ."

"ಹಂಗಾದ್ರ ಖರೇನ ಚಲೋ ಆತು. ಹುಡುಗಿ ನಮ್ಮನಿಗೆ ಬರ್ಲಿ, ಮಾಸ್ತರ ನಿಮ್ಮನ್ಯಾಗ ಇರ್ಲಿ" ಎಂದು ಅಜ್ಜ ನಕ್ಕರು. ಆಮೇಲೆ ನನ್ನ ಬಾಜು ಬಂದು ಕೂತು, "ನಿನ್ನಿ ನೀವು ಹೇಳಿದ್ದು ಚಲೋ ಇತ್ತು. ಉಂಡ ಕೇಳಿದ್ದರ ಇನ್ನೂ ಚಲೋ ಇರ್ತಿತ್ತು" ಎಂದರು.

ಆ ವರ್ಷ ಚಳಿಗಾಲದಲ್ಲಿ ಬೆಳಗಾವಿಯ ನಮ್ಮ ಮನೆಯಲ್ಲೇ ಮದುವೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಸಂಜೆಯ ಪಂಕ್ತಿಗೆ ಇನ್ನೂ ಹೊತ್ತಿರುವಾಗಲೇ ಬೀಗರ ಕಡೆಯ ಇಬ್ಬರು ಬಂದು, ನನ್ನ ಎರಡೂ ರಟ್ಟೆ ಹಿಡಿದು, ನನ್ನೊಬ್ಬನನ್ನೇ ಎಲೆಯ ಮುಂದೆ ಕೂಡಿಸಿದರು. ಇದು ಯಾರ ಅಪ್ಪಣೆ ಎಂದು ಕೇಳಿದೆ. "ಮದುಮಗಳದ್ದು. ಅಣ್ಣಗ ಮೊದಲ ಉಣಸ್ರಿ, ಅಂದ್ರ ಉಳದಾವ್ರು ಉಂಡಾರು ಅಂದಾಳ" ಎಂದರು. ಹೆಣ್ಣಿನ ಕಡೆಯವನು ಬೀಗರಿಗಿಂತ ಮುಂಚೆ ಉಣ್ಣುವುದಕ್ಕೆ ಪ್ರಮಾಣವೇನು ಎಂದು ಕೇಳಲು ನಾನು ಬಾಯಿ ತೆರೆದೆ. ಎದುರಿಗೆ ಕೂತಿದ್ದ ಅಜ್ಜ ಅದನ್ನೇ ಕಾಯುತ್ತಿದ್ದರು. ತುಪ್ಪದಲ್ಲಿ ಅದ್ದಿದ ಹೋಳಿಗೆಯನ್ನು ಇಡಿಯಾಗಿ ನನ್ನ ತೆರೆದ ಬಾಯೊಳಗೆ ಇಟ್ಟುಬಿಟ್ಟರು.