ಟೈಮಿಂಗ್ ಬೆಲ್ಟಿಗೂ ವಿಭೂತಿ

ಭಾನುವಾರ ಗ್ಯಾರೇಜಿಗೆ ಬೀಗ ಬಿದ್ದಿತ್ತು. ಕಾರಿನ ಟೈಮಿಂಗ್ ಬೆಲ್ಟ್ ನಾನೇ ಬದಲಾಯಿಸುತ್ತೇನೆ ಎಂದು ಸಂಗಮೇಶ ಹೊರಟದ್ದು ಅದಕ್ಕೇ. ಪುಣ್ಯಾತ್ಮ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಹಾಜರಿ ತೆಗೆದುಕೊಳ್ಳುವವನು. ಮಿಶನ್ನುಗಳ ಸದ್ದು ಕೇಳಿದ್ದನೇ ಹೊರತು ಒಂದನ್ನೂ ಮುಟ್ಟಿದವನಲ್ಲ. ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋ ಅಷ್ಟೂ ಧೈರ್ಯ ಕೊಟ್ಟಿತ್ತು.

ಅಂದು ಮದುವೆಯ ವಾರ್ಷಿಕೋತ್ಸವ. ಸಂಜೆ ಹೆಂಡತಿ ಅನುಪಮಾಳನ್ನು ದೇವರಾಯನದುರ್ಗದ ಬೆಟ್ಟಕ್ಕೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ. ಇಬ್ಬರೇ. ಮದುವೆಯಾದಾಗಿನಿಂದ ಅವರಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ, ಪಾಪ.

"ರೀ, ಸಂಜೆಗೆ ಗಾಡಿ ರೆಡಿ ಆಗುತ್ತಾ? ಇಲ್ಲಾಂದ್ರೆ ಈಗ್ಲೇ ಹೇಳಿ, ಸೀರೆಗೆ ಇಸ್ತ್ರಿ ಹಾಕಲ್ಲ."

"ಆಗುತ್ತೆ ಕಣೇ, ಇಸ್ತ್ರಿ ಹಾಕು."

ಇಂಜಿನ್ನಿನ ಮೇಲೊಂದು, ಕೆಳಗೊಂದು ಹಲ್ಲಿನ ಚಕ್ರ. ಎರಡೂ ಸರಿಯಾದ ಜಾಗದಲ್ಲಿ ನಿಂತಾಗಲೇ ಬೆಲ್ಟ್ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಇಂಜಿನ್ನಿಗೆ ಮಣ್ಣು ಮುಕ್ಕಿಸಿದಂತೆ. ಅದಕ್ಕೇ ಸಂಗಮೇಶ ವೈಟ್ನರಿನಿಂದ ಬಿಳಿ ಗುರುತು ಹಾಕಿದ. ಇಂಜಿನ್ನಿಗೆ ಬಗ್ಗಿದ್ದ ಗಂಡನದೊಂದು ಫೋಟೋ ಹೊಡೆದು ಅನುಪಮಾ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಹಳೇ ಬೆಲ್ಟ್ ಬಿಚ್ಚಿಟ್ಟು ಗಂಡ ಕಾಫಿಗೆ ಒಳಗೆ ಹೋದ.

ಬಂದು ನೋಡಿದರೆ ಪಕ್ಕದ ಮನೆಯ ಕರಿಸಿದ್ದಪ್ಪನವರು ಇಂಜಿನ್ನಿನೊಳಗೆ ಬಗ್ಗಿದ್ದಾರೆ. ಪ್ರತಿ ಚಕ್ರದ ಮೇಲೂ ಮೂರು ಪಟ್ಟೆ ವಿಭೂತಿ.

"ಏನ್ಲಾ ಸಂಗಮೇಶ, ಹೊಸ ಸಾಮಾನು ಹಾಕೋವಾಗ ಪೂಜೆ ಬ್ಯಾಡ್ವಾ? ಅದೇನೋ ಬಿಳೀ ಕೊಳೆ ಮೆತ್ಕೊಂಡಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದೀನಿ."

"ಚಕ್ರ ತಿರುಗಿಸಿದ್ರಾ?"

"ತಿರುಗಿಸ್ದೆ ಸುತ್ತಾ ಹಚ್ಚೋದೆಂಗೆ?"

"ಅಯ್ಯೋ, ನನ್ನ ಗುರುತು!" ಎಂದು ಸಂಗಮೇಶ ಕೂಗಿದ. ಸದ್ದು ಕೇಳಿ ಎದುರುಮನೆಯ ಅಜ್ಮತುಲ್ಲಾ ಬಂದರು. ಅವರ ಹೆಂಡತಿ ಸರ್ವರ್ ಬೇಗಂ ಬಂದರು. ಕರಿಸಿದ್ದಪ್ಪನವರ ಹೆಂಡತಿ ಉಮಾಮಹೇಶ್ವರಮ್ಮನೂ ಬಂದರು. ಒಬ್ಬರು ಎಡಕ್ಕೆ ತಿರುಗಿಸು ಅಂದರೆ ಇನ್ನೊಬ್ಬರು ಬಲಕ್ಕೆ ಅಂದರು.

"ಅನುಪಮಾ, ನಿನ್ನ ಸ್ಟೇಟಸ್ಸಲ್ಲಿ ಗುರುತು ಕಾಣ್ತದೆ ನೋಡಮ್ಮ," ಎಂದರು ಸರ್ವರ್ ಬೇಗಂ. ಫೋಟೋ ದೊಡ್ಡದು ಮಾಡಿದರು. ಸಂಗಮೇಶನ ಕಿವಿಯ ಪಕ್ಕದಲ್ಲೇ ಬಿಳಿ ಗುರುತುಗಳು. ಎಲ್ಲರ ತಲೆಗಳೂ ಮೊಬೈಲಿನೊಳಗೆ ತೂರಿದವು. ಅಜ್ಮತುಲ್ಲಾ ಹೇಳಿದಂತೆ ಸಂಗಮೇಶ ಚಕ್ರ ತಿರುಗಿಸಿ, ಕರಿಸಿದ್ದಪ್ಪ ಹಿಡಿದುಕೊಂಡು, ಅಂತೂ ಬೆಲ್ಟ್ ಕೂತಿತು.

ಕೀಲಿ ತಿರುಗಿಸಿದ. ಬೆಣ್ಣೆಯಂಥ ಸದ್ದು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಸಂಗಮೇಶನ ಕಣ್ಣಲ್ಲಿ ನೀರೇ ಬಂತು. ಕೈತೊಳೆದು ಹೊಸ ಶರ್ಟು ಹಾಕಿಕೊಂಡು ಓಡೋಡಿ ಬಂದ.

ಕಾರು ತುಂಬಿತ್ತು. ಹಿಂದೆ ಉಮಾಮಹೇಶ್ವರಮ್ಮ, ಸರ್ವರ್ ಬೇಗಂ, ಅಜ್ಮತುಲ್ಲಾ. ಮುಂದೆ ತೆಂಗಿನಕಾಯಿ ಹಿಡಿದ ಕರಿಸಿದ್ದಪ್ಪ. ಸ್ಟೇರಿಂಗಿನ ಮುಂದೆ, ಇಸ್ತ್ರಿ ಸೀರೆಯಲ್ಲಿ ಅನುಪಮಾ.

"ಹೊಸ ಬೆಲ್ಟ್ ಹಾಕಿರೋ ಗಾಡಿ ಮೊದ್ಲು ದೇವ್ರ ಹತ್ರಾನೇ ಹೋಗ್ಬೇಕು ಕಣಪ್ಪ," ಎಂದರು ಕರಿಸಿದ್ದಪ್ಪ.

"ನಾನು?"

"ನೀವು ನನ್ನ ಸ್ಕೂಟರ್ ತಗೊಂಡು ಹಿಂದೇನೇ ಬನ್ನಿ ಸಂಗಮೇಶಣ್ಣ," ಅಜ್ಮತುಲ್ಲಾ ಕೀಲಿ ಚಾಚಿದರು. "ಸ್ಪ್ಯಾನರ್ ಮರೀಬೇಡಿ. ದಾರೀಲಿ ನಿಂತೋದ್ರೆ ಮೆಕ್ಯಾನಿಕ್ ಬೇಕಲ್ವಾ?"

"ಜಾಗ ಇದ್ದಿದ್ರೆ ಕೂರಿಸ್ಕೊತಿದ್ದೆ ರೀ," ಎಂದಳು ಅನುಪಮಾ. ಅವಳ ಮುಖ ಅರಳಿತ್ತು.

ಹೊಸ ಶರ್ಟಿನ ಸಂಗಮೇಶ ಕಾರಿನ ಹೊಗೆ ಕುಡಿಯುತ್ತಾ ಹಿಂದೆ ಹೊರಟ. ನಾನೇ ಹಾಕಿದ ಬೆಲ್ಟು ಒಂದೇ ಒಂದು ಸಲ ಕೈಕೊಡಲಪ್ಪ, ಅವಳ ಪಕ್ಕದಲ್ಲಿ ನಿಂತು ರಿಪೇರಿಯಾದರೂ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಹರಕೆ ಹೊತ್ತ.

ಕಾರು ಬೆಟ್ಟದ ತುದಿವರೆಗೂ ಎಲ್ಲೂ ನಿಲ್ಲಲಿಲ್ಲ.